ಕತಾರಿಗೆಂದು ಹೊದಿಸಿದ ಶಾಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಕಾರ್ಕಳದ ತಮ್ಮ ಶಿಲ್ಪಶಾಲೆಯಲ್ಲಿ ಎಂಟು ವರ್ಷ ನನಗೆ ಅನ್ನ ಕೊಟ್ಟ ಕರುಣಾಕರಣ್ಣ, ಉಳಿ ಹಿಡಿಯಲು ಕಲಿಸಿದ ಚೆನ್ನಪ್ಪಜ್ಜ, ಯುವಕ ಮಂಡಲದ ಗೆಳೆಯರೇ, ಊಟಕ್ಕೆ ಕಾಯುತ್ತಿರುವ ಸಭಿಕರೇ,

ನಾನು ಕತಾರಿಗೆ ಹೋಗುವುದಿಲ್ಲ. ಎರಡು ತಿಂಗಳಿಂದ ಬಚ್ಚಿಟ್ಟ ಮಾತು ಇದು. ವೀಸಾದ ಮೆಡಿಕಲ್‌ನಲ್ಲಿ ಅನ್‌ಫಿಟ್ ಆಗಿದ್ದೇನೆ. ವಿದೇಶಕ್ಕೆ ಹೋಗುವವನೆಂದು ಹೊದಿಸಿದ ಈ ಶಾಲನ್ನು ಮಡಚಿ ಇಲ್ಲಿಟ್ಟಿದ್ದೇನೆ. ಹಣ್ಣಿನ ಬುಟ್ಟಿಯಲ್ಲಿ ಮಾತ್ರ ಒಂದು ಬಾಳೆಹಣ್ಣು ಕಡಿಮೆ ಉಂಟು, ಕ್ಷಮಿಸಬೇಕು.

ಒಂಬತ್ತನೇ ಕ್ಲಾಸಿನಲ್ಲಿ ಭಾಷಣ ಸ್ಪರ್ಧೆಗೆ ಹೆಸರು ಕರೆದಾಗ ಕಂಪೌಂಡು ಹಾರಿ ಓಡಿದವನು ನಾನು. ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಇವತ್ತೂ ಓಡಬಹುದಿತ್ತು. ಆದರೆ ಈ ವೇದಿಕೆಯ ಮೆಟ್ಟಿಲು ಹತ್ತಿದರೇ ಏದುಸಿರು ಬರುತ್ತದೆ. ಕಂಪೌಂಡು ಎಲ್ಲಿಂದ ಹಾರಲಿ?

ಮಂಗಳೂರಿನಲ್ಲಿ ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು, “ಎಂತ ಕೆಲಸ ನಿನ್ನದು?” ಎಂದು ಕೇಳಿದರು.

“ಕಲ್ಲಿನದ್ದು. ಮೂರ್ತಿ ಕೆತ್ತುವುದು.”

“ಮೂಗಿಗೆ ಎಂತ ಕಟ್ತೀ?”

“ಬೈರಾಸು, ಮೈ ಒರೆಸುವ ಟವೆಲು.”

ಅವರು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕೊಟ್ಟರು. ಮಣಿಪಾಲದಲ್ಲಿ ಮತ್ತೊಮ್ಮೆ ತೋರಿಸಿದೆ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆಯಂತೆ ಗಟ್ಟಿಯಾಗಿದೆ, ಆದದ್ದು ಹೋಗುವುದಿಲ್ಲ, ಇನ್ನೂ ಧೂಳು ಕುಡಿದರೆ ಬೇಗ ಹೆಚ್ಚುತ್ತದೆ ಎಂದರು. ಹೆಸರು ಸಿಲಿಕೋಸಿಸ್. ಅಂಟುರೋಗ ಅಲ್ಲ, ಮುಂದಿನ ಸಾಲಿನವರು ಕುರ್ಚಿ ಹಿಂದಕ್ಕೆ ಎಳೆಯಬೇಕಾಗಿಲ್ಲ.

ಚೆನ್ನಪ್ಪಜ್ಜ ಯಾವಾಗಲೂ ಹೇಳುತ್ತಾರೆ, “ನಾವು ಕಲ್ಲಿನ ಹೊಡಿ ತಿಂದೇ ಬೆಳೆದವರು ಮಾರಾಯ, ಎಂತ ಆಗಿದೆ?” ಅಜ್ಜಾ, ನಿಮ್ಮ ಉಳಿಯಿಂದ ಚಕ್ಕೆ ಬೀಳುತ್ತಿತ್ತು. ನಮ್ಮ ಗ್ರೈಂಡರಿನಿಂದ ಮುಖಕ್ಕೆ ಹಚ್ಚುವ ಪೌಡರಿನಂಥ ಹೊಡಿ ಹಾರುತ್ತದೆ. ಎರಡೂ ಒಂದೆಯೇ?

ತಪ್ಪು ಯಾರದು? ಧೂಳು ಏಳದಂತೆ ನೀರು ಹರಿಸುತ್ತಲೇ ಕೊಯ್ಯುವ ಮೆಷಿನ್ನನ್ನು ಕರುಣಾಕರಣ್ಣ ತರಿಸಿದ್ದರು. ನೀರು ಬಿದ್ದರೆ ಕೆತ್ತುವ ಗುರುತಿಗೆಂದು ಕಲ್ಲಿನ ಮೇಲೆ ಎಳೆದ ಕೆಂಪು ಗೆರೆ ತೊಳೆದು ಹೋಗುತ್ತದೆ. ಗೆರೆ ಹೋದರೆ ದೇವರ ಮೂಗು ಸೊಟ್ಟ. ಅದಕ್ಕೆ ನಾವೇ ಅದನ್ನು ಮೂಲೆಗೆ ತಳ್ಳಿದೆವು. “ನಿಮ್ಮ ಇಷ್ಟ” ಎಂದು ಅವರೂ ಸುಮ್ಮನಾದರು. ಒಮ್ಮೆ ರಿತೇಶ್, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗದವನು, ಮಾಸ್ಕ್ ಹಾಕಿಕೊಂಡು ಬಂದ. “ಎಂತದಾ, ಮದುಮಗಳ ಹಾಗೆ ಮುಖ ಮುಚ್ಚಿದ್ದು?” ಎಂದು ಇಡೀ ಶೆಡ್ಡು ನಕ್ಕಿತು. ಮಧ್ಯಾಹ್ನದ ಒಳಗೆ ಅವನು ಅದನ್ನು ತೆಗೆದಿಟ್ಟ.

ಸೋಮವಾರದಿಂದ ನನ್ನ ಜಾಗದಲ್ಲಿ ಕೂರುವವನು ಅದೇ ರಿತೇಶ್.

ಬೆಳಿಗ್ಗೆ ಅಮ್ಮ, “ಅಷ್ಟು ಜನರ ಎದುರು ಹೇಳ್ಬೇಕಾ ಮಗಾ? ಸುಮ್ಮನೆ ಶಾಲು ಹಾಕಿಸಿಕೊಂಡು ಬಾ” ಎಂದಳು. ಹೇಗೆ ಬರಲಿ? “ರೂಪೇಶಣ್ಣ ಕಲ್ಲು ಕೊಯ್ದೇ ಕತಾರಿಗೆ ಹೋದ” ಎಂದು ನನ್ನ ಬಗ್ಗೆ ಮಾತು ಉಳಿದರೆ, ರಿತೇಶನೂ ಅದೇ ಧೂಳಿನಲ್ಲಿ ಕೂತು ತನ್ನ ಶಾಲಿಗೆ ಕಾಯುತ್ತಾನೆ.

ಇವತ್ತು ಆ ಮೆಷಿನ್ನನ್ನು ಮೂಲೆಯಿಂದ ತಂದು ನನ್ನ ಜಾಗದಲ್ಲಿಟ್ಟೆ. ಅವನು ಕೆತ್ತಬೇಕಾದ ನಾಗನ ಕಲ್ಲಿನಲ್ಲಿ, ಕೆಂಪು ಗೆರೆಯ ಮೇಲೆಯೇ ಉಳಿಯಿಂದ ಗೀರಿಟ್ಟಿದ್ದೇನೆ. ಗೀರನ್ನು ನೀರು ತೊಳೆಯುವುದಿಲ್ಲ. ಹೆಡೆಯೊಂದಕ್ಕೇ ಮಧ್ಯಾಹ್ನ ಪೂರ್ತಿ ಹೋಯಿತು, ನಿಜ. ಕರುಣಾಕರಣ್ಣ, ಅಷ್ಟು ಹೊತ್ತು ಅವನಿಗೆ ಕೊಡಿ. ಒಳ್ಳೆಯ ಮಾಸ್ಕನ್ನೂ ಕೊಡಿ. ನಗುವವರನ್ನು ಎಕ್ಸ್‌ರೇ ತೆಗೆಸಲು ಕಳಿಸಿ.

ಊಟ ತಡವಾಯಿತು. ನಡುವೆ ಎದ್ದು ಹೋಗದೆ ಕೇಳಿದಿರಲ್ಲ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯ ಬಸ್ಸಿಗೆ ಮಟ್ಟುವಿಗೆ, ಮಾವನ ಗುಳ್ಳ ಬದನೆಯ ಗದ್ದೆಯ ಕೆಲಸಕ್ಕೆ ಹೊರಡುತ್ತೇನೆ.