ಹನ್ನೆರಡು ರೇಷ್ಮೆಯ ಮದುಮಗಳು

ಕೇಳ್ರಪ್ಪಾ, ಕೇಳ್ರವ್ವಾ. ನಡೆದಿತ್ತೋ ಇಲ್ಲವೋ ನಾ ಕಾಣೆ. ನಡೆದಿದ್ರೆ ಮೂಡಲ ಸಮುದ್ರದಾಚೆ, ಸೂರ್ಯ ನಮಗಿಂತ ಮೊದಲು ಮುಖ ತೊಳೆಯೋ ಜಪಾನು ಸೀಮೇಲಿ ನಡೆದಿತ್ತು. ಅಲ್ಲೊಬ್ಬ ಚಕ್ರವರ್ತಿ. ಅವನ ರಾಣಿಗೊಬ್ಬಳು ಜೊತೆಗಾತಿ, ದೊಡ್ಡ ಮನೆತನದ ಹೆಣ್ಣು, ಹೆಸರು ಕಿನುಕೊ. ರಾಣಿ ಜೊತೆ ಪಗಡೆ ಆಡೋದು, ಹೊಟ್ಟೆ ಹಿಡ್ಕೊಂಡು ನಗೋದು, ಇದೇ ಅವಳ ಕೆಲಸ. ಸತ್ರೂ ಈ ಅರಮನೆ ಬಿಟ್ಟು ಹೋಗಲ್ಲ ಅನ್ನೋಳು.

ಆ ಅರಮನೆ ರಿವಾಜು ಕೇಳಿದ್ರೆ ನೀವೂ ನಗ್ತೀರಿ. ದೊಡ್ಡ ಮನೆ ಹೆಂಗಸರು ಒಂದರ ಮೇಲೊಂದು ಹನ್ನೆರಡು ರೇಷ್ಮೆ ನಿಲುವಂಗಿ ತೊಡಬೇಕು. ಪರಗಂಡಸಿಗೆ ಮುಖ ತೋರಿಸೋ ಹಾಗಿಲ್ಲ. ಬಿದಿರು ತಟ್ಟಿ ಹಿಂದೆ ಕೂತು ಅಂಗಿ ತೋಳಿನ ಅಂಚು ಮಾತ್ರ ಹೊರಗೆ ಬಿಡಬೇಕು. ಗಂಡು ಆ ಅಂಚು ನೋಡೇ ಮೆಚ್ಚಬೇಕು. ಏನ್ ಹೇಳ್ತೀರಿ ಇದಕ್ಕೆ?

ಅಲ್ಲಿ ಮೊರೊಕಾಜು ಅಂತ ಒಬ್ಬ ಮಂತ್ರಿ. ವಯಸ್ಸು ಎಷ್ಟು ಅಂದ್ರೆ, ಊರು ಹೋಗು ಅಂತಿತ್ತು, ಕಾಡು ಬಾ ಅಂತಿತ್ತು. ಅದಾದ್ರೂ ಸಹಿಸಬಹುದು. ಅವನಿಗೆ ಕವಿತೆ ಕಟ್ಟೋ ಹುಚ್ಚು. ಬಾಯಿ ತೆಗೆದ ಅಂದ್ರೆ ಸಭೆ ಖಾಲಿ. ಒಂದಿನ ಕಿನುಕೊಳ ತೋಳಿನ ಅಂಚು ಕಂಡು ಮರುಳಾದ. ಚಕ್ರವರ್ತಿ ಮುಂದೆ ನಿಂತು, ಅವಳನ್ನ ನನಗೆ ಕೊಡಿ ಅಂತ ಕವಿತೆ ಶುರು ಮಾಡಿದ. ಅದು ನಿಂತ್ರೆ ಸಾಕಾಗಿತ್ತು, ಚಕ್ರವರ್ತಿ ಆಗ್ಲಿ ಅಂದುಬಿಟ್ಟ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಅಲ್ಲಿ ಮದುವೆ ಅಂದ್ರೆ, ಗಂಡು ಸತತ ಮೂರು ಸಂಜೆ ಬರಬೇಕು. ಮೂರನೇ ಸಂಜೆ ಇಬ್ಬರೂ ಅಕ್ಕಿ ಕಡುಬು ತಿಂದ್ರೆ ಮುಗೀತು, ಗಂಡನ ಮನೆ ದಾರಿ. ಕಿನುಕೊಗೆ ಅಳು ಬಂತು. ಜೀವಮಾನವಿಡೀ ಆ ಕವಿತೆ ಕೇಳೋದಾ?

ಮೊದಲನೇ ಸಂಜೆ ಮಂತ್ರಿ ಬಂದ, ಓದಿದ. ತಟ್ಟಿ ಹಿಂದೆ ಕಿನುಕೊ ಕೂತಲ್ಲೇ ತೂಕಡಿಸಿದಳು. ತೋಳು ಅಲುಗಲಿಲ್ಲ. ಎಂಥಾ ನಾಚಿಕೆ ಅಂದುಕೊಂಡ ಮಂತ್ರಿ.

ಎರಡನೇ ಸಂಜೆ ಬಂದ, ಓದಿದ. ಹನ್ನೆರಡು ರೇಷ್ಮೆ ಅಲ್ಲವೇ, ಗಟ್ಟಿಯಾಗಿ ತಾವೇ ಕೂತಿರ್ತವೆ. ಕಿನುಕೊ ಮೆಲ್ಲಗೆ ಒಳಗಿಂದ ಜಾರಿ ರಾಣಿ ಹತ್ರ ಪಗಡೆಗೆ ಹೋದಳು. ತೋಳು ಅಲುಗಲಿಲ್ಲ. ಎಂಥಾ ಭಕ್ತಿ ಅಂದುಕೊಂಡ ಮಂತ್ರಿ.

ಮೂರನೇ ಸಂಜೆ? ಕೈ ಹೊರಗೆ ಬಂದು ಕಡುಬು ತಗೋಬೇಕಲ್ಲ. ಬಂದ್ರೆ ಮದುವೆ, ಬರದಿದ್ರೆ ಮೋಸ ಬಯಲು. ಆ ದೇಶದಲ್ಲಿ ಕುದುರೆಗೆ ದೃಷ್ಟಿ ತಾಗದಿರಲಿ ಅಂತ ಲಾಯದಲ್ಲಿ ಮಂಗ ಸಾಕ್ತಾರೆ. ಕಿನುಕೊ ಹೋಗಿ ಲಾಯದ ಹೆಣ್ಣುಮಂಗನ್ನ ತಂದು ಹನ್ನೆರಡು ರೇಷ್ಮೆ ಒಳಗೆ ಕೂರಿಸಿದಳು. ತಾನು ಪಕ್ಕದ ಪರದೆ ಹಿಂದೆ ನಿಂತಳು.

ಮಂತ್ರಿ ಕಡುಬಿನ ತಟ್ಟೆ ಚಾಚಿದ. ತೋಳಿನಿಂದ ಕೈ ಬಂತು. ಸ್ವಲ್ಪ ಕೂದಲಿನ ಕೈ. ದೊಡ್ಡ ಮನೆಯವರನ್ನ ಕೇಳೋದು ಮರ್ಯಾದೆಯಲ್ಲ ಅಂದುಕೊಂಡ ಮಂತ್ರಿ. ತನ್ನ ಪಾಲು ತಿಂದ. ಕೈ ಮತ್ತೆ ಬಂತು, ತಟ್ಟೇನೇ ಒಳಗೆ ಎಳ್ಕೊಂಡಿತು. ಆಮೇಲೆ, ಇನ್ನು ಗಂಡನೇ ಅಲ್ಲವೇ ಅಂತ, ರಿವಾಜಿನಂತೆ ದಾಸಿಯರು ತಟ್ಟಿ ಸುತ್ತಿ ಎತ್ತಿದರು.

ಮಂಗ ಕೆನ್ನೆ ಉಬ್ಬಿಸ್ಕೊಂಡು ಕೂತಿತ್ತು.

ಮಂತ್ರಿ ಚಕ್ರವರ್ತಿ ಹತ್ರ ಓಡಿದ, ಮೋಸ ಆಯ್ತು ಅಂತ ಎದೆ ಬಡ್ಕೊಂಡ. ಕಿನುಕೊಗೆ ಕರೆ ಹೋಯ್ತು. ಅವಳು ಪರದೆ ಹಿಂದಿನಿಂದ ಹೇಳಿದಳು:

"ಮಹಾಪ್ರಭು, ಮಂತ್ರಿಗಳು ನನ್ನ ಮುಖ ಕಂಡೇ ಇಲ್ಲ. ಅವರು ಮೆಚ್ಚಿದ್ದು ತೋಳಿನ ಅಂಚು. ಆ ನಿಲುವಂಗಿ ಹನ್ನೆರಡೂ ಅವರಿಗೇ ಇರಲಿ. ಕಡುಬು ತಿಂದವಳೂ ಅವರ ಮನೆಗೇ ಹೋಗಲಿ. ನಾನು ಒಂದು ಚೂರೂ ಮುಟ್ಟಿಲ್ಲ."

ಚಕ್ರವರ್ತಿ ಬೀಸಣಿಗೆ ಅಡ್ಡ ಹಿಡಿದು ಚೆನ್ನಾಗಿ ನಕ್ಕ. ರಿವಾಜು ರಿವಾಜೇ ಅಂದ. ಮಂತ್ರಿ ಮಂಗನ್ನ ಕರ್ಕೊಂಡು ಹೋದ. ಕಿನುಕೊ ರಾಣಿ ಹತ್ರಾನೇ ಉಳಿದಳು.

ಬೆಳಗ್ಗೆ ಮಂತ್ರಿ ದೂರು ತರ್ತಾನೆ ಅಂತ ಎಲ್ಲರೂ ಕಾದಿದ್ರು. ಬಂದ, ಮುಖವೆಲ್ಲ ಅರಳಿತ್ತು. "ಮಹಾಪ್ರಭು, ನನ್ನ ಕವಿತೆ ಮುಗಿಯೋವರೆಗೂ ಎದ್ದುಹೋಗದೆ ಕೂತವಳು ಇವಳೊಬ್ಬಳೇ" ಅಂದ.

ಮಂಗನ ಸೊಂಟಕ್ಕೆ ಹಗ್ಗ ಕಟ್ಟಿತ್ತು ಅನ್ನೋದು ಬೇರೆ ಮಾತು.

ಅವರ ಕಡುಬು ಅವರಿಗೆ ದಕ್ಕಿತು, ಕಥೆ ನಮಗೆ ದಕ್ಕಿತು. ನಿಮಗೆ ಹಗ್ಗ ಕಟ್ಟಿಲ್ಲ, ಎದ್ದು ಮನೆಗೆ ನಡೀರಿ.