ನಾರುವ ಬಕೆಟ್ಟಿಗೆ ಸಂಜೆಯ ಗಡುವು

ಇರುವೆ ಕೆಮ್ಮಿದರೂ ಕೇಳಿಸಿಕೊಳ್ಳುವ ಕಿವಿ ನನ್ನದು. ಅರ್ಧ ಭೂಲೋಕವನ್ನು ತುಂಬಿಕೊಂಡು ಹೊರಟಿದ್ದ ಬಸ್ಸಿನಲ್ಲಿ, ಮುಂದಿನ ಸೀಟಿನ ಅಕ್ಕತಂಗಿಯರ ಪಿಸುಮಾತು ನನ್ನಿಂದ ತಪ್ಪಿಸಿಕೊಳ್ಳುವುದುಂಟೇ?

“ಅಕ್ಕಾ, ನನ್ನ ಗೊಬ್ಬರದ ಬಕೆಟ್ ನಾರ್ತಿದೆ. ಸಂಜೆಯೊಳಗೆ ಅದು ಮನೆಯಿಂದ ಹೋಗ್ಬೇಕು, ಇಲ್ಲಾ ನಾನೇ ಹೋಗ್ತೀನಿ ಅಂದ್ರು ನಮ್ಮತ್ತೆ.”

“ಎರಡರಲ್ಲಿ ಯಾವುದು ಹಗುರ?”

“ತಮಾಷೆ ಸಾಕು! ತರಕಾರಿ ಸಿಪ್ಪೆನೆಲ್ಲ ಚೆನ್ನಾಗಿ ತೊಳೆದೇ ಹಾಕ್ತೀನಿ ಕಣಕ್ಕಾ.”

“ತೊಳೆದಾ? ಗೊಬ್ಬರ ಮಾಡ್ತೀಯೋ, ನೆಂಟರಿಗೆ ಬಡಿಸ್ತೀಯೋ?”

“ದಿನಾ ಒಂದು ಚೊಂಬು ನೀರೂ ಹಾಕ್ತೀನಿ. ಮುಚ್ಚಳ ಬಿಗಿಯಾಗಿ ಮುಚ್ತೀನಿ.”

“ಮುಳುಗಿಸಿ, ಉಸಿರು ಕಟ್ಟಿಸಿ, ಆಮೇಲೆ ನಾರುತ್ತೆ ಅಂತೀಯಾ! ಮೊದಲು ನೀರು ಬಸಿ. ಬುಡಕ್ಕೂ ಪಕ್ಕಕ್ಕೂ ತೂತು ಹೊಡಿ. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಒಣಗಿದೆಲೆ ಹಾಕಿ ಕಲಸು. ವಾಸನೆ ಬಾಲ ಮುದುರಿಕೊಂಡು ಓಡುತ್ತೆ.”

“ಅತ್ತೆ ಒಪ್ತಾರಾ?”

“ಮೂಗು ಒಪ್ಪಿದ್ರೆ ಅತ್ತೆ ಒಪ್ಪಿದ ಹಾಗೆ.”

“ಈಗ ಒಣಗಿದೆಲೆಗೆ ಎಲ್ಲಿಗೆ ಹೋಗ್ಲಿ?”

ಬಸ್ಸು ಉದ್ಯಾನದ ಎದುರು ನಿಂತಿತು. ಗುಡಿಸುವವನೊಬ್ಬ ಪರ್ವತಗಳೇ ನಾಚುವಂಥ ಎಲೆರಾಶಿಯ ಮುಂದೆ ಬೆಂಕಿಕಡ್ಡಿ ಗೀರುತ್ತಿದ್ದ.

“ಇಳಿಯೇ, ಇಳಿ!”

ಇಬ್ಬರೂ ನನ್ನ ಕಾಲು ತುಳಿದುಕೊಂಡೇ ಇಳಿದರು. ತಂಗಿ ಓಡುತ್ತಲೇ ಕೂಗಿದಳು:

“ಅಣ್ಣಾ, ಅದಕ್ಕೆ ಬೆಂಕಿ ಇಡಬೇಡಿ! ನಮ್ಮತ್ತೇನ ಮನೇಲಿ ಉಳಿಸ್ಕೋಬೇಕು!”