ಎರಡು ಸಲ ಬಿದ್ದ ಉಪ್ಪು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಹುಟ್ಟಾ ಶ್ರೀಮಂತನಲ್ಲ, ನೋಡಿ, ಮೈಮುರಿದು ದುಡಿದು ಆದವನು. ಆ ಊರಿನ ಅರ್ಧ ಮನೆಗಳನ್ನು ಗುತ್ತಿಗೆ ಹಿಡಿದು ಕಟ್ಟಿಸಿದವನು ಅವನೇ. ಕೊನೆಗೆ ತನಗೂ ಒಂದು ಮನೆ ಕಟ್ಟಿಸಿದ. ಬಾಗಿಲ ಮೇಲೆ ಏನು ಬರೆಸಿದ ಗೊತ್ತೇ? ‘ದೈವಕೃಪೆ’. ಸಂತೋಷ. ದೈವಕೃಪೆ ಇಲ್ಲದೆ ಯಾರ ಮನೆ ಎದ್ದಿದೆ? ಆದರೆ ಆ ದೈವ ತಾನೇ ಇಳಿದು ಬಂದು ಇವನಿಗೆ ಕೆಲಸ ಕೊಟ್ಟಿತೇ, ಇಲ್ಲ ಯಾರದೋ ಕೈಯಿಂದ ಕೊಡಿಸಿತೇ? ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡಿರಿ. ಆಮೇಲೆ ವಾಪಸ್ ಕೇಳುತ್ತೇನೆ.

ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಅಡುಗೆ ಗುತ್ತಿಗೆ ಯಾರಿಗೆ ಕೊಡುವುದು? ಶ್ರೀಮಂತ ಜಗಲಿಯ ಮೇಲೆ ಕುಳಿತ, ಅಡುಗೆಯವರು ಒಬ್ಬೊಬ್ಬರಾಗಿ ಬಂದರು. ಒಬ್ಬ ಮಂತ್ರಿ ಮನೆ ಮದುವೆ ಮಾಡಿದ್ದೇನೆ ಎಂದ. ಇನ್ನೊಬ್ಬ ತನ್ನ ಹೋಳಿಗೆಗೆ ವಿಮಾನದಲ್ಲಿ ಜನ ಬರುತ್ತಾರೆ ಎಂದ. ಬರಲಿ ಪಾಪ, ಬರಲಿ! ಕೊನೆಗೆ ಒಬ್ಬ ಹೆಣ್ಣುಮಗಳು ಬಂದಳು. ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿ, ಬೇಳೆ ಬೇಯಿಸಿಕೊಂಡಿದ್ದವಳು. ಹಾಸ್ಟೆಲು ಮುಚ್ಚಿತು. ಗಂಡನಿಗೂ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು, ಮನೆಯಲ್ಲಿ ಎರಡು ಮಕ್ಕಳು. ಆಕೆ ಊರ ಛತ್ರಗಳನ್ನೆಲ್ಲ ಸುತ್ತಿ ಬಂದಿದ್ದಳು. ಎಲ್ಲ ಕಡೆ ಒಂದೇ ಮಾತು: ಅನುಭವ ಎಷ್ಟು?

ಶ್ರೀಮಂತನೂ ಅದನ್ನೇ ಕೇಳಿದ. “ಎಷ್ಟು ಕಾರ್ಯ ಮಾಡಿದ್ದೀಯಮ್ಮ?”

“ಸ್ವಂತವಾಗಿ ಒಂದೇ ಸ್ವಾಮಿ. ನಮ್ಮ ಬೀದೀಲಿ ಒಂದು ಮಗೂಗೆ ನಾಮಕರಣ.”

“ಒಂದೇನಾ? ಅನುಭವ ಇಲ್ಲದೋರಿಗೆ ನಾನು ಹೇಗಮ್ಮ ಒಲೆ ಒಪ್ಪಿಸಲಿ? ಬರೋರೆಲ್ಲ ದೊಡ್ಡ ಜನ.”

ಸುತ್ತಿ ಸುತ್ತಿ ಆಕೆಗೂ ಸಾಕಾಗಿತ್ತು. “ಎಲ್ರೂ ಹಿಂಗೇ ಅಂದ್ರೆ ಅನುಭವ ಎಲ್ಲಿಂದ ತರ್ಲಿ ಸ್ವಾಮಿ? ಸಂತೇಲಿ ಮಾರ್ತಾರಾ? ಮಾರಿದ್ರೆ ಹೇಳಿ, ತಾಳಿ ಅಡ ಇಟ್ಟಾದ್ರೂ ತರ್ತೀನಿ.”

ಶ್ರೀಮಂತನಿಗೆ ಸಿಟ್ಟು ಬಂತು. ಅವನು ಬಾಯಿ ತೆರೆಯುವಷ್ಟರಲ್ಲಿ, ಮೂಲೆಯಲ್ಲಿ ಹೂ ಕಟ್ಟುತ್ತ ಕುಳಿತಿದ್ದ ಅವನ ತಾಯಿ ತಲೆ ಎತ್ತದೆ ಕೇಳಿದಳು: “ಲೋ, ನಿಂಗೆ ಮೊದಲ್ನೇ ಕೆಲಸ ಕೊಟ್ಟೋರು ಯಾರೋ?”

“ಅದ್ಯಾಕಮ್ಮ ಈಗ?”

“ಸುಮ್ನೆ ಕೇಳ್ದೆ. ಹೆಸರು ಹೇಳು.”

ನೆನಪಾಗಲಿಲ್ಲ! ಸಾಲ ಕೊಟ್ಟ ಬ್ಯಾಂಕಿನವರ ಹೆಸರು ನೆನಪಿದೆ, ಮೋಸ ಮಾಡಿದವರ ಹೆಸರಂತೂ ತಾತ ಮುತ್ತಾತನ ಸಮೇತ ನೆನಪಿದೆ. ಮೊದಲ ಕೆಲಸ ಕೊಟ್ಟವನ ಹೆಸರು ಮಾತ್ರ ಇಲ್ಲ. “ನೀನೇ ಹೇಳಮ್ಮ” ಎಂದ. “ನಾನ್ಯಾಕೆ ಹೇಳ್ಲಿ? ನಿಂಗೆ ಕೊಟ್ಟಿದ್ದು, ನೀನೇ ನೆನಪು ಮಾಡ್ಕೋ” ಎಂದಳು ತಾಯಿ. ಆ ಮುಜುಗರಕ್ಕೇ, ನೋಡಿ, ದೊಡ್ಡ ಮನಸ್ಸಿನಿಂದಲ್ಲ, ಬರೀ ಮುಜುಗರಕ್ಕೆ ಅವನು ಆ ಹೆಣ್ಣುಮಗಳಿಗೆ ವೀಳ್ಯ ಕೊಟ್ಟು ಅಡುಗೆ ಒಪ್ಪಿಸಿಬಿಟ್ಟ.

ಗೃಹಪ್ರವೇಶದ ದಿನ ಬಂತು. ಆಕೆ ಇಬ್ಬರು ಹೆಂಗಸರನ್ನು ಕೈಯಾಳಾಗಿ ಕರೆದುಕೊಂಡು ಬೆಳಗಾಗುತ್ತಲೇ ಬಂದಳು. ಒಲೆಗೆ ಕುಂಕುಮ ಇಟ್ಟು, ಕೈಮುಗಿದು ಬೆಂಕಿ ಹೊತ್ತಿಸಿದಳು. ಆ ಮನೆಯ ಪದ್ಧತಿ ನಿಮಗೂ ಗೊತ್ತಿರುವುದೇ. ನೈವೇದ್ಯ ಆಗುವವರೆಗೆ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಅದಕ್ಕೇ ದೊಡ್ಡ ಅಡುಗೆಯವರಲ್ಲಿ ಒಂದು ಕಟ್ಟಳೆ ಇದೆ: ಉಪ್ಪು ಹಾಕುವ ಕೈ ಒಂದೇ ಇರಬೇಕು. ಹತ್ತು ಜನ ಇದ್ದರೂ ಉಪ್ಪಿನ ಕೈ ಒಂದೇ. ಹಾಸ್ಟೆಲಿನಲ್ಲಿ ಆ ಕೈ ಹಿರಿಯ ಭಟ್ಟರದಾಗಿತ್ತು, ಈಕೆಯದಲ್ಲ. ಅದರ ಭಾರ ಎಷ್ಟೆಂದು ಈಕೆಗೆ ಗೊತ್ತಾದದ್ದೇ ಅವತ್ತು.

ಏನಾಯಿತು? “ಸಾರಿಗೆ ಉಪ್ಪು ಹಾಕಮ್ಮ” ಎಂದು ಕೈಯಾಳಿಗೆ ಹೇಳಿದಳು. ಕೈಯಾಳು ಹಾಕಿದಳು. ಪಲ್ಯಕ್ಕೆ ಒಗ್ಗರಣೆ ಕೊಟ್ಟು ತಿರುಗಿದಳು ಈಕೆ. ಹಾಕಿದಳೋ ಇಲ್ಲವೋ? ಸಪ್ಪೆಯಾದರೆ? ಇದೊಂದು ಊಟ ಕೆಟ್ಟರೆ ಈ ಊರಲ್ಲಿ ನನಗೆ ಇನ್ನೊಂದು ಒಲೆ ಸಿಗುತ್ತದೆಯೇ? ಕೇಳುವುದಕ್ಕೂ ಭಯ, ಕೇಳಿದರೆ ಅಡುಗೆ ಒಪ್ಪಿಕೊಂಡವಳಿಗೇ ಗೊತ್ತಿಲ್ಲ ಎಂದು ನಗುತ್ತಾರಲ್ಲ! ತಾನೂ ಒಂದು ಅಳತೆ ಹಾಕಿದಳು. ಭಯಪಟ್ಟವರ ಅಡುಗೆಯಲ್ಲಿ ಉಪ್ಪು ಎರಡು ಸಲ ಬೀಳುತ್ತದೆ, ತಾಯಂದಿರೇ. ಅಡುಗೆಯಲ್ಲಿ ಮಾತ್ರವಲ್ಲ.

ನೈವೇದ್ಯ ಆಯಿತು. ದೇವರು ಒಂದು ಮಾತೂ ಆಡಲಿಲ್ಲ. ನಿಮ್ಮ ಮನೆ ಅಳಿಯ ಆಗಿದ್ದರೆ ಆಡುತ್ತಿದ್ದ! ಆಮೇಲೆ ಆಕೆ ಒಂದು ಹನಿ ಸಾರನ್ನು ಅಂಗೈಗೆ ಬಿಟ್ಟುಕೊಂಡು ನಾಲಗೆಗೆ ಮುಟ್ಟಿಸಿದಳು. ಉಪ್ಪು ಅಂದರೆ ಉಪ್ಪು, ಸಮುದ್ರ! ಹೊರಗೆ ಎಲೆ ಹಾಕುತ್ತಿದ್ದಾರೆ. ಇನ್ನು ಆರತಿ ಒಂದು ಮುಗಿದರೆ ಜನ ಪಂಕ್ತಿಗೆ ಕೂರುತ್ತಾರೆ. ಕೈಯಾಳು ಪಿಸುಗುಟ್ಟಿದಳು, “ಸುಮ್ನಿರಕ್ಕ, ಬಡಿಸಿಬಿಡಾಣ. ಕೇಳಿದ್ರೆ ಉಪ್ಪೇ ಹೊಸ ಥರದ್ದು ಅನ್ನಾಣ.”

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಎದೆ ಮುಟ್ಟಿಕೊಂಡು ಹೇಳಿ. ಆಕೆ ಸೆರಗಿಗೆ ಕೈ ಒರೆಸಿಕೊಂಡು ನೇರ ಶ್ರೀಮಂತನ ಹತ್ತಿರ ಹೋದಳು.

“ಸ್ವಾಮಿ, ತಪ್ಪಾಗೋಯ್ತು. ಹೆದರ್ಕೊಂಡು ಸಾರಿಗೆ ಎರಡನೇ ಸಲ ಉಪ್ಪು ಹಾಕ್ಬಿಟ್ಟೆ. ಉಪ್ಪಿಲ್ದೆ ಇನ್ನೊಂದಷ್ಟು ಬೇಳೆ ಬೇಯ್ಸಿ ಬೆರೆಸಿದ್ರೆ ಸರಿಹೋಗುತ್ತೆ. ಒಂಚೂರು ಟೈಮ್ ಕೊಡಿ. ಆಮೇಲೆ ಬೈರಿ, ನಿಂತ್ಕೊಂಡು ಬೈಸ್ಕೋತೀನಿ.”

ಶ್ರೀಮಂತನ ಮುಖ ಕೆಂಪಗಾಯಿತು. ಹೊರಗೆ ದೊಡ್ಡ ಜನ, ಒಳಗೆ ಸಮುದ್ರ. ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕು ಎಂದು ಹೊರಟವನು ಆಕೆಯ ಕೈ ನೋಡಿದ. ಬೆರಳ ಸಂದಿಯಲ್ಲಿ ಉಪ್ಪಿನ ಹರಳು ಇನ್ನೂ ಅಂಟಿತ್ತು. ಅದನ್ನು ನೋಡಿದೊಡನೆ ಅವನಿಗೆ ಒಂದು ಗೋಡೆ ಕಾಣಿಸಿತು. ಇಪ್ಪತ್ತು ವರ್ಷದ ಹುಡುಗ ತಾನು, ಕೈಯಲ್ಲಿ ಬಣ್ಣದ ಬ್ರಶ್ಶು, ಜೀವನದ ಮೊದಲ ಗುತ್ತಿಗೆ. ಗೋಡೆ ಒಣಗುವ ಮೊದಲೇ ಆತುರಕ್ಕೆ ಬಣ್ಣ ಬಳಿದಿದ್ದ, ಬಣ್ಣವೆಲ್ಲ ಹಪ್ಪಳದ ಹಾಗೆ ಎದ್ದು ಬಂದಿತ್ತು. ಅಂದು ತನ್ನ ಬೆರಳ ಸಂದಿಯಲ್ಲೂ ಹೀಗೇ ಬಣ್ಣ ಅಂಟಿತ್ತು. ಮನೆಯ ಯಜಮಾನ ಬಂದು ಗೋಡೆ ನೋಡಿದ, ಇವನ ಮುಖ ನೋಡಿದ, ಒಂದೇ ಮಾತು ಹೇಳಿದ: “ಕೆರೆದು ಇನ್ನೊಂದ್ಸಲ ಬಳಿಯೋ. ಮೊದ್ಲು ಟೀ ಕುಡಿ.”

ಶ್ರೀಮಂತ ತಿರುಗಿ, ಆರತಿ ತಟ್ಟೆ ಹಿಡಿದಿದ್ದ ತನ್ನ ಅಕ್ಕನನ್ನು ಕೂಗಿದ. “ಅಕ್ಕಾ, ಆರತಿ ಹಾಡು ಇನ್ನೊಂದೆರಡು ಹಾಡು. ನಿಧಾನಕ್ಕೆ ಹಾಡು. ಗೊತ್ತಿರೋದೆಲ್ಲ ಹಾಡು!”

ಆ ಅಕ್ಕನಿಗೆ ಯಾರೂ ಹಾಡು ಎನ್ನದೆ ಎಷ್ಟು ಕಾಲವಾಗಿತ್ತೋ. ಶುರುಮಾಡಿದಳು ನೋಡಿ! ಲಕ್ಷ್ಮಿಗೆ ಒಂದು, ಗೌರಿಗೆ ಒಂದು, ಗಂಗೆಗೆ ಒಂದು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇತ್ತ ಶ್ರೀಮಂತ ರೇಷ್ಮೆ ಪಂಚೆ ಮೇಲೆತ್ತಿ ಕಟ್ಟಿ ಅಡುಗೆಮನೆಗೆ ಹೋದ. ಆಕೆ ಬೇಳೆ ಬೇಯಿಸಿ ಸುರಿದಳು, ಅವನು ಸೌಟು ಹಿಡಿದು ತಿರುವಿದ. ತಿರುವುತ್ತ ತಿರುವುತ್ತ ಥಟ್ಟನೆ ನಿಂತ. “ಗುರುಶಾಂತಪ್ಪ!” ಎಂದು ಕೂಗಿಬಿಟ್ಟ. “ಅಮ್ಮಾ, ಗುರುಶಾಂತಪ್ಪನವರು! ಸೌದೆ ಡಿಪೋ ಹಿಂದಿನ ಮನೆ!” ತಾಯಿ ನಡುಮನೆಯಿಂದಲೇ ಅಂದಳು, “ಅಬ್ಬಾ, ಬಂತಲ್ಲ ಬಾಯಿಗೆ.”

ಊಟ ಚೆನ್ನಾಯಿತು. ಜನ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡರು. ಶ್ರೀಮಂತ ಆಕೆಯನ್ನು ನಡುಮನೆಗೆ ಕರೆಸಿ, ನೆಂಟರೆಲ್ಲರ ಎದುರು ತಾಂಬೂಲ ಕೊಟ್ಟು, “ನಮ್ಮನೇಲಿ ಅಡುಗೆ ಮಾಡಿದೋರು ಇವರು. ನಿಮ್ಮ ಮನೆ ಕಾರ್ಯಕ್ಕೂ ಕರೀರಿ” ಎಂದ. ಆಕೆ ತಾಂಬೂಲ ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟಳು. ದುಃಖಕ್ಕಲ್ಲ, ಋಣ ಎದೆ ತುಂಬಿತ್ತು.

ಮಾರನೆಯ ದಿನ ಶ್ರೀಮಂತ ಹಣ್ಣು, ಪಂಚೆ, ತಾಂಬೂಲ ತಟ್ಟೆಯಲ್ಲಿಟ್ಟುಕೊಂಡು ಸೌದೆ ಡಿಪೋ ಹಿಂದಿನ ಮನೆಗೆ ಹೋದ. ಗುರುಶಾಂತಪ್ಪ ಬದುಕಿದ್ದರು. ತುಂಬ ಹಣ್ಣಾಗಿದ್ದರು. ಇವನು ಕಾಲಿಗೆ ಬಿದ್ದು, ಗೋಡೆಯ ಕಥೆ ಎಲ್ಲ ಹೇಳಿ, ಕಣ್ಣೀರು ಹಾಕಿದ. ಮುದುಕರು ಕನ್ನಡಕ ಏರಿಸಿ ಇವನ ಮುಖ ನೋಡಿದರು.

“ನಂಗೆ ನೆನಪಾಗ್ತಿಲ್ವಲ್ಲಪ್ಪ” ಎಂದರು. “ಇರ್ಲಿ, ಕೂತ್ಕೋ. ಮೊದ್ಲು ಟೀ ಕುಡಿ.”

ಈಗ ಮಡಿಲಲ್ಲಿಟ್ಟುಕೊಂಡ ಪ್ರಶ್ನೆಯನ್ನು ತೆಗೆಯಿರಿ. ದೈವ ತಾನೇ ಇಳಿದು ಬಂದು ಕೊಟ್ಟಿತೇ, ಯಾರದೋ ಕೈಯಿಂದ ಕೊಡಿಸಿತೇ? ಈ ಕಥೆಯಲ್ಲಿ ಹೆಸರು ಇರುವುದು ಒಬ್ಬರಿಗೇ, ಗಮನಿಸಿದಿರಾ? ಕೊಟ್ಟವರು ಮರೆತಿದ್ದರು. ಅವರು ಮರೆಯಬಹುದು, ಅದು ಅವರಿಗೆ ಶೋಭೆ. ಪಡೆದ ನಾವು ಮರೆಯಬಹುದೇ? ಇಲ್ಲಿ ಅಂಗಡಿ ಇಟ್ಟವರಿದ್ದೀರಿ, ಮೇಸ್ತ್ರಿಗಳಿದ್ದೀರಿ, ಆಫೀಸಿನವರಿದ್ದೀರಿ. ನಿಮ್ಮಲ್ಲಿ ಯಾರು ತಾಯಿ ಹೊಟ್ಟೆಯಿಂದಲೇ ಅನುಭವ ಹೊತ್ತುಕೊಂಡು ಬಂದವರು? ಯಾರೋ ಒಬ್ಬರು ಒಂದು ಗೋಡೆ ಕೊಟ್ಟರು, ಒಂದು ಒಲೆ ಕೊಟ್ಟರು. ನೀವು ಕೆಡಿಸಿದಿರಿ, ಅವರು ಟೀ ಕೊಟ್ಟರು. ಇವತ್ತು ನಿಮ್ಮ ಬಾಗಿಲಿಗೆ ಬಂದವರಿಗೆ ನೀವೇ “ಅನುಭವ ಎಷ್ಟು?” ಎನ್ನುತ್ತೀರಿ. ಕೇಳಿ, ಬೇಡ ಎನ್ನುವುದಿಲ್ಲ. ಆದರೆ ಇಲ್ಲ ಎಂದವರನ್ನು ಅಷ್ಟಕ್ಕೇ ಕಳಿಸಬೇಡಿ. ಇಡೀ ಮನೆ ಕೊಡಲಾಗದಿದ್ದರೆ ಒಂದು ಗೋಡೆ ಕೊಡಿ.

ಕೆಲಸ ಹುಡುಕುತ್ತ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದೀರಲ್ಲ, ಮಕ್ಕಳೇ, ನಿಮಗೂ ಒಂದು ಮಾತು. ಇಲ್ಲದ ಮಂತ್ರಿ ಮನೆ ಮದುವೆ ಹೇಳಬೇಡಿ. ಉಪ್ಪು ಹೆಚ್ಚಾದರೆ ಎಲೆಗೆ ಬೀಳುವ ಮೊದಲೇ ಹೋಗಿ ಹೇಳಿ.

ಕೊನೆಗೊಂದು ವಿಷಯ. ಇವತ್ತು ನಮ್ಮ ಮಠದ ದಾಸೋಹದ ಒಲೆ ಹೊತ್ತಿಸಿದವರು ಹೊಸಬರು. ಇಷ್ಟು ಜನಕ್ಕೆ ಅಡುಗೆ ಮಾಡುತ್ತಿರುವುದು ಇದೇ ಮೊದಲು, ಬಾಗಿಲ ಸಂದಿಯಿಂದ ನಮ್ಮನ್ನೇ ನೋಡುತ್ತಿದ್ದಾರೆ. ರುಚಿ ಹೇಗಿದೆಯೋ ನನಗೂ ಗೊತ್ತಿಲ್ಲ. ಹೆಚ್ಚುಕಮ್ಮಿ ಆಗಿದ್ದರೆ ಮುಖ ಸಿಂಡರಿಸಬೇಡಿ, ನಾವೇ ಇನ್ನೆರಡು ಆರತಿ ಹಾಡೋಣ. ಎಲೆ ಮುಂದೆ ಕೂತಾಗ, ನಿಮಗೆ ಮೊದಲ ಕೆಲಸ ಕೊಟ್ಟವರ ಹೆಸರನ್ನು ಬಾಯಿಬಿಟ್ಟು ಹೇಳಿ ಮೊದಲ ತುತ್ತು ಎತ್ತಿ. ನೆನಪಾಗದಿದ್ದರೆ ತುತ್ತನ್ನು ಕೈಯಲ್ಲೇ ಹಿಡಿದು, ನೆನಪಾಗುವವರೆಗೆ ಕಾಯಿರಿ. ಏಳಿ, ಎಲೆ ಹಾಕುತ್ತಿದ್ದಾರೆ.